ತೀರಿಕೊಂಡವರ ರಕ್ತದ ಲೆಕ್ಕ ಕೇಳಿದ ಕುಸುಮ

ಬೆಳಗಿನ ಐದೂಮುಕ್ಕಾಲು. ಮುಳ್ಳೂರಿನ ಜಗಲಿಯೊಂದರ ಮೇಲೆ ಕುಸುಮ, ಶಂಕರಮ್ಮನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಾರೆ. ಕೂಲಿಯಾಳುಗಳ ಆಟೊ ಬರುವುದರೊಳಗೆ ರಕ್ತ ತೆಗೆದಾಗಬೇಕು.

"ಮೊಕ ಆ ಕಡೀಕ್ ತಿರುಗ್ಸವ್ವ. ಇರುವೆ ಕಚ್ದಂಗಷ್ಟೆ."

ಶಂಕರಮ್ಮ ಕಣ್ಣು ಬಿಡುವಷ್ಟರಲ್ಲಿ ಕೊಳವೆ ಐಸ್ ಡಬ್ಬಿ ಸೇರಿದೆ. ಕುಸುಮ ತಮ್ಮ ನೋಟ್‌ಬುಕ್ಕಿನಲ್ಲಿ ಹೆಸರು, ಹೊತ್ತು ಬರೆದು, ಶಂಕರಮ್ಮನಿಂದಲೇ ಸಹಿ ಹಾಕಿಸಿಕೊಳ್ಳುತ್ತಾರೆ.

ಕೊಳ್ಳೇಗಾಲದ ಕುಸುಮ ಅವರಿಗೆ ಮೂವತ್ತೊಂಬತ್ತು. ಸರ್ಕಾರದ ಅನುದಾನದಲ್ಲಿ ನಡೆಯುವ ರಕ್ತಹೀನತೆಯ ಸಂಶೋಧನೆಗೆ ಹಳ್ಳಿ ಹೆಂಗಸರ ರಕ್ತದ ಮಾದರಿ ತರುವುದು ಅವರ ಕೆಲಸ. ದಿನಕ್ಕೆ ಹದಿನಾಲ್ಕು ಮನೆ, ಎರಡು ಬಸ್ಸು, ಮಿಕ್ಕಿದ್ದೆಲ್ಲ ಕಾಲ್ನಡಿಗೆ.

ಮೂರು ವರ್ಷದ ಹಿಂದೆ ಇದೇ ಕೆಲಸ ಅವರ ಕೈತಪ್ಪಿತ್ತು. ಧನಗೆರೆಯ ನಲವತ್ತೊಂದು ಹೆಂಗಸರಿಗೆ ಆರು ತಿಂಗಳು ಕಬ್ಬಿಣಾಂಶದ ಮಾತ್ರೆ ಕೊಟ್ಟು, ಮತ್ತೆ ರಕ್ತ ಪರೀಕ್ಷಿಸಬೇಕಿತ್ತು. ಆ ಎರಡನೇ ಸುತ್ತಿಗೆ ಸೂಜಿ, ಕೊಳವೆಯೇ ಬರಲಿಲ್ಲ. ಕುಸುಮ ಅಲ್ಲಿಗೆ ಹೋಗಲೂ ಇಲ್ಲ. ಆದರೂ ಕಚೇರಿಯಲ್ಲಿ ಕಂಡ ವರ್ಷದ ವರದಿಯಲ್ಲಿ, ಎರಡನೇ ಸಲ ರಕ್ತ ತೆಗೆದ ತಾರೀಖಿನ ಸಮೇತ, ನಲವತ್ತೊಂದು ಮಂದಿಯ ರಕ್ತದ ಪ್ರಮಾಣವೂ ಏರಿತ್ತು. ಹದಿನೇಳನೇ ಸಂಖ್ಯೆಯ ದೊಡ್ಡಬಸಮ್ಮನದೂ ಏರಿತ್ತು.

"ಆವಮ್ಮ ತೀರ್ಕಂಡು ಮೂರು ತಿಂಗ್ಳಾಗಿತ್ತು ಸಾ. ಮಣ್ಣಿಗ್ ನಾನೇ ಓಗಿದ್ದೆ." ಎನ್ನುತ್ತಾರೆ ಕುಸುಮ.

ಮೇಲ್ವಿಚಾರಕರಿಗೆ ಹೇಳಿದರೆ, "ಸೂಜಿ ಇಡಿಯೋರಿಗೆ ವರದಿ ಯಾಕಮ್ಮ?" ಎಂದರಂತೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ವರದಿ ನಂಬಿ ಧನಗೆರೆಗೆ ಮಾತ್ರೆ ಬರುವುದೂ ನಿಂತುಹೋಯಿತು. ಕುಸುಮ ಅನುದಾನ ಕೊಟ್ಟ ದೆಹಲಿಯ ಕಚೇರಿಗೆ ಕನ್ನಡದಲ್ಲೇ ಎರಡು ಪುಟ ಬರೆದು ರಿಜಿಸ್ಟರ್ಡ್ ಅಂಚೆಗೆ ಹಾಕಿದರು. ಸುದ್ದಿ ತಿಳಿದ ವಾರದಲ್ಲೇ ಸಂಶೋಧನೆ ನಡೆಸುತ್ತಿದ್ದ ಸಂಸ್ಥೆ ಅವರನ್ನು ಕೆಲಸದಿಂದ ತೆಗೆಯಿತು.

ಎಂಟು ತಿಂಗಳು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನಿನ ಮುಂದೆ ನಿಂತರು. "ಕೆಲ್ಸ ಕಳ್ಕಂಡ್ಯಲ್ಲ ಅಂತ ಬೀದೀಲಿ ನಗೋರು. ನಮ್ಮನೆಯವ್ರು ಮಾತ್ರ, ಬರ್ದಿದ್ದು ದಿಟ ತಾನೆ, ಎದರ್ಬ್ಯಾಡ ಅಂದ್ರು."

ಒಂದು ಬೆಳಿಗ್ಗೆ ದೆಹಲಿಯ ಕಚೇರಿ ನೇಮಿಸಿದ ವಿಚಾರಣಾ ಸಮಿತಿಯ ಇಬ್ಬರು ಅಧಿಕಾರಿಗಳು ಅವರ ಮನೆ ಬಾಗಿಲು ತಟ್ಟಿದರು. ಕುಸುಮ ಅವರನ್ನು ಧನಗೆರೆಗೆ ಕರೆದೊಯ್ದು ನಲವತ್ತೊಂದು ಮನೆಗೂ ನಡೆಸಿದರು. ಎರಡನೇ ಸಲ ಯಾರಾದರೂ ರಕ್ತ ತೆಗೆದರೇ ಎಂಬ ಪ್ರಶ್ನೆಗೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: ಇಲ್ಲ. ದೊಡ್ಡಬಸಮ್ಮನ ಮಗ ಮಾದೇಶ್ ಮರಣ ಪ್ರಮಾಣಪತ್ರವನ್ನೇ ತಂದು ಕೊಟ್ಟರು. ಕುಸುಮ ಅವರ ನೋಟ್‌ಬುಕ್ಕಿನಲ್ಲಿ ವರದಿ ಹೇಳಿದ ತಾರೀಖಿಗೆ ಧನಗೆರೆಯ ಹೆಸರೇ ಇರಲಿಲ್ಲ.

ಅಂಕಿಗಳು ಮೇಜಿನ ಮೇಲೇ ಹುಟ್ಟಿದವೆಂದು ಸಮಿತಿ ಬರೆಯಿತು. ಪ್ರಕಟವಾಗಿದ್ದ ಪ್ರಬಂಧವನ್ನು ಹಿಂಪಡೆದರು; ಸಂಶೋಧನೆಯ ಮುಖ್ಯಸ್ಥರಿಗೆ ಐದು ವರ್ಷ ಸರ್ಕಾರದ ಅನುದಾನವಿಲ್ಲ. ಬೇರೆ ಸಂಸ್ಥೆಗೆ ಕೆಲಸ ವಹಿಸಿದಾಗ ಕುಸುಮ ಅವರನ್ನು ಮೊದಲು ಕರೆದರು. ಧನಗೆರೆಯ ನಲವತ್ತು ಹೆಂಗಸರ ರಕ್ತವನ್ನು ಅವರೇ ಮತ್ತೆ ತೆಗೆದರು. ಇಪ್ಪತ್ತಾರು ಮಂದಿಗೆ ರಕ್ತ ಕಡಿಮೆಯೇ ಇತ್ತು. ಮಾತ್ರೆ ಮರಳಿ ಬಂತು.

"ದೆಹಲಿಯೋರು ಓಗೋವಾಗ ಕೈ ಮುಗುದ್ರು ಸಾ. ನಂಗೆ ಏನ್ ಮಾಡ್ಬೇಕೋ ತೋಚ್ನಿಲ್ಲ, ಕಾಪಿ ಕುಡ್ಕಂಡೋಗಿ ಅಂದೆ," ಎಂದು ನಗುತ್ತಾರೆ.

ಆಸೆಯೇನು ಎಂದು ಕೇಳಿದರೆ ಕುಸುಮ ಡಬ್ಬಿ ಹೆಗಲಿಗೇರಿಸುತ್ತಾರೆ.

"ಮುಂದಿನ್ ವರದಿ ಕನ್ನಡದಲ್ಲಿ ಬಂದು, ಊರೂರ್ಗೂ ಒಂದೊಂದು ಕೊಟ್ರೆ ಸಾಕು. ನಮ್ಮೆಂಗಸ್ರೇ ಓದಿ ತಪ್ಪು ಇಡೀತಾರೆ."