ಉಳಿದುಕೊಂಡ ಒಂದು ಸೊನ್ನೆ

ತ್ರಿವಿಕ್ರಮನಿಗೆ ಮೇಷ್ಟರ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು. ಆಗಲೇ ಮೂರು ಬಾಟಲಿ ಕೆಂಪು ಶಾಯಿ ಮುಗಿಸಿದ್ದ. ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಭದ್ರಾವತಿಗೆ ಬರುತ್ತಿದ್ದ ಈ ಇಪ್ಪತ್ತೆರಡರ ತರುಣ, ತನ್ನಷ್ಟು ನಿಷ್ಪಕ್ಷಪಾತಿ ಜಿಲ್ಲೆಯಲ್ಲೇ ಇಲ್ಲವೆಂದು ನಂಬಿದ್ದ. ಪುಸ್ತಕದ ಹಿಂದಿರುವ ಉತ್ತರಕ್ಕೆ ಹೊಂದಿದರೆ ಹತ್ತು, ಇಲ್ಲದಿದ್ದರೆ ಸೊನ್ನೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಲೆಕ್ಕ ಮಾಡಿದ ದಾರಿಯನ್ನೂ ನೋಡುತ್ತಿರಲಿಲ್ಲ.

೧೯೫೯ರ ವಾರ್ಷಿಕ ಪರೀಕ್ಷೆ. ಮೂರು ಇಂಚಿನ ಸರಳಿನಿಂದ ಒಂದೂಕಾಲು ಇಂಚು ಕತ್ತರಿಸಿದರೆ ಉಳಿಯುವುದೆಷ್ಟು ಎಂದು ಕೇಳಿದ್ದ. ಪುಸ್ತಕ ಒಂದೂಮುಕ್ಕಾಲು ಎಂದಿತ್ತು. ಆರನೇ ಕ್ಲಾಸಿನ ವಜೀರಾ 'ಒಂದು ಇಂಚು ಆರು ಸೂತ್' ಎಂದು ಬರೆದಿದ್ದಳು. ಐದು ಲೆಕ್ಕಕ್ಕೂ ಅದೇ ಸೂತ್, ಐದಕ್ಕೂ ಸೊನ್ನೆ. ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅವಳ ಅಪ್ಪ ರಸೂಲ್ ಸಾಬ್ ಮೊದಲೇ ಹೇಳಿಬಿಟ್ಟಿದ್ದ.

ಪಟ್ಟಿ ಹಚ್ಚುವ ಮುನ್ನ ಫೇಲಾದವರ ಮನೆಗೆ ಮೇಷ್ಟರೇ ಹೋಗಿ ತಿಳಿಸಬೇಕೆಂಬುದು ಹೆಡ್‌ಮಾಸ್ಟರ್ ಗಣಪಯ್ಯನವರ ಕಟ್ಟಳೆ. ಉತ್ತರಪತ್ರಿಕೆ ಹಿಡಿದು, ದಾರಿಯುದ್ದಕ್ಕೂ ಬುದ್ಧಿಮಾತು ಹೊಂದಿಸಿಕೊಳ್ಳುತ್ತ ತ್ರಿವಿಕ್ರಮ ರಸೂಲ್ ಸಾಬನ ರಿಪೇರಿ ಶೆಡ್ಡಿಗೆ ಹೋದ. ಲಾರಿಯಡಿ ಮಲಗಿದ್ದ ಸಾಬ್ ಐದು ಸೂತಿನ ಬೋಲ್ಟ್ ಕೇಳಿದ. ನೂರಾರು ಬೋಲ್ಟುಗಳ ಡಬ್ಬಕ್ಕೆ ಕೈ ಹಾಕಿದ ವಜೀರಾ ಅಳೆಯದೆಯೇ ಸರಿಯಾದದ್ದನ್ನು ತೆಗೆದುಕೊಟ್ಟಳು.

"ಸೂತ್ ಅಂದ್ರೇನು?" ಎಂದ ತ್ರಿವಿಕ್ರಮ.

"ಇಂಚಿಗೆ ಎಂಟು ಸೂತ್," ಲಾರಿಯಡಿಯಿಂದ ಉತ್ತರ ಬಂತು. "ಇಷ್ಟೂ ಗೊತ್ತಿಲ್ವಾ ಮೇಷ್ಟ್ರೇ?"

ಆರು ಸೂತ್ ಎಂದರೆ ಮುಕ್ಕಾಲು. ಹೊಂದಿಸಿದ್ದ ಬುದ್ಧಿಮಾತು ಬಿಟ್ಟು, ಮೊದಲೇ ಯಾಕೆ ಹೇಳಲಿಲ್ಲವೆಂದು ವಜೀರಾಳನ್ನು ಕೇಳಿದ.

"ನೀವು ಕೇಳ್ಲಿಲ್ಲ ಸಾರ್."

ಅಂಕ ತಿದ್ದಲು ಅನುಮತಿ ಬೇಡಿದಾಗ ಗಣಪಯ್ಯನವರು ಕನ್ನಡಕದ ಮೇಲಿಂದ ನೋಡಿದರು. "ಒಬ್ಬಳದ್ದು ತಿದ್ದಿದ್ರೆ ಅದು ದಯೆ ಆಗುತ್ತೆ ಮಾರಾಯ. ನಲವತ್ತು ಪೇಪರೂ ನೋಡು."

ನೋಡಿದ. ಈ ಸಲ ದಾರಿಯನ್ನೂ ನೋಡಿದ. ಉತ್ತರ ತಪ್ಪಿ ದಾರಿ ಸರಿಯಿದ್ದವರಿಗೆಲ್ಲ ಅರ್ಧ ಅಂಕ ಬಂತು, ಇನ್ನಿಬ್ಬರು ಪಾಸಾದರು. ಯಾವುದಕ್ಕೆ ಎಷ್ಟು ಅಂಕವೆಂದು ಇನ್ನು ಮೇಲೆ ಪರೀಕ್ಷೆಗೆ ಮೊದಲೇ ಬೋರ್ಡಿನ ಮೇಲೆ ಬರೆಯುವುದೆಂದೂ ನಿಶ್ಚಯಿಸಿದ.

ವಜೀರಾಗೆ ಐವತ್ತಕ್ಕೆ ನಲವತ್ತು ಎಂದು ತಿಳಿಸಲು ಹೋದಾಗ ರಸೂಲ್ ಸಾಬ್ ಅನುಮಾನದಿಂದ ಕೈ ಒರೆಸಿಕೊಂಡ. "ನನ್ನ ಮುಖ ನೋಡಿ ಕೊಟ್ರಾ?"

ತ್ರಿವಿಕ್ರಮ ಐದನೇ ಲೆಕ್ಕ ತೋರಿಸಿದ. ಕೂಡಬೇಕಾದ ಕಡೆ ಹುಡುಗಿ ಕಳೆದಿದ್ದಳು. ಅಲ್ಲಿ ಸೊನ್ನೆ ಹಾಗೇ ಇತ್ತು. ಸಾಬ್ ಆ ಸೊನ್ನೆಯ ಮೇಲೆ ಬೆರಳಿಟ್ಟ.

"ಹಂಗಾದ್ರೆ ಮಿಕ್ಕಿದ್ದೆಲ್ಲ ಅವಳದ್ದೇ. ಜೂನ್‌ಗೆ ಏಳನೇ ಕ್ಲಾಸಿಗೆ ಕಳಿಸ್ತೀನಿ."

ತಾನು ಹಾಕಿದ ಐದು ಸೊನ್ನೆಗಳಲ್ಲಿ ಒಂದಾದರೂ ಸರಿಯಿತ್ತಲ್ಲ ಎಂಬ ಹೆಮ್ಮೆಯಲ್ಲಿ ತ್ರಿವಿಕ್ರಮ ರೈಲು ಹತ್ತಿದ.