‘ಯೆಸ್’ ಒತ್ತದ ನಸ್ರೀನ್

ಬೆಳಗಿನ ಐದೂಕಾಲು. ಹಾವೇರಿಯ ಸ್ಕ್ಯಾನಿಂಗ್ ಸೆಂಟರಿನ ಹಿಂದಿನ ಕೋಣೆಯಲ್ಲಿ ನಸ್ರೀನ್ ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಆ ಕಡೆ ಬ್ಯಾಡಗಿ ಶಾಖೆಯ ಸುರೇಖಾ ಆಕಳಿಸುವುದು ಇಲ್ಲಿಗೂ ಕೇಳುತ್ತದೆ.

“ನಿಮ್ಮಲ್ಲಿ ಚಿತ್ರ ಎಷ್ಟು ಅದಾವ್ರಿ?” ನಸ್ರೀನ್ ಕೇಳುತ್ತಾರೆ.

“ಆರನೂರಾ ಹನ್ನೆರಡು.”

“ನನಗ ಆರನೂರಾ ಹನ್ನೊಂದು ಬಂದಾವ. ತಡೀರಿ, ಇನ್ನೊಮ್ಮೆ ತಗೋತೀನಿ.”

“ಒಂದರಾಗ ಏನ್ ಹೋಗ್ತೈತಿ ಅಕ್ಕಾರ?”

“ಆ ಒಂದರಾಗೇ ಗಂಟು ಕಾಣೂದಿದ್ರ?”

ಸುರೇಖಾ ಮತ್ತೆ ಆಕಳಿಸುವುದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ತೆಗೆದ ಸ್ಕ್ಯಾನ್ ಚಿತ್ರಗಳನ್ನು ಅಲ್ಲಲ್ಲಿನ ಸರ್ವರ್‌ಗಳಿಂದ ಇಲ್ಲಿಗೆ ನಕಲು ಮಾಡಿಕೊಳ್ಳಬೇಕು. ಇಲ್ಲಿಂದ ದೂರದ ಊರಿನಲ್ಲಿ ಕೂತು ವರದಿ ಬರೆಯುವ ಡಾಕ್ಟರ ಸರ್ವರ್‌ಗೆ ಮುಟ್ಟಿಸಬೇಕು. ನಡುದಾರಿಯಲ್ಲಿ ಯಾರೂ ಇಣುಕಬಾರದು, ಒಂದೂ ಉದುರಬಾರದು. ದಿನಕ್ಕೆ ಎಪ್ಪತ್ತು ರೋಗಿಗಳು, ಹದಿನೈದು ಸಾವಿರ ಚಿತ್ರಗಳು. ಹನ್ನೊಂದು ವರ್ಷದಿಂದ ನಸ್ರೀನ್ ಇದನ್ನೇ ಮಾಡುತ್ತಿದ್ದಾರೆ. ರೋಗಿಗೆ ಡಾಕ್ಟರ ಹೆಸರು ಗೊತ್ತು, ಯಂತ್ರದೊಳಗೆ ಮಲಗಿಸಿದವರ ಮುಖ ಗೊತ್ತು. ಈಕೆ ಯಾರೆಂದು ಒಬ್ಬರಿಗೂ ಗೊತ್ತಿಲ್ಲ.

ಊರು ಕರ್ಜಗಿ, ವಯಸ್ಸು ನಲವತ್ತನಾಲ್ಕು. ಇಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಇದನ್ನು ಕಲಿತವರು. ನಸುಕಿನಲ್ಲಿ ಇಂಟರ್‌ನೆಟ್ ಲೈನು ಖಾಲಿ ಇರುತ್ತದೆಂದು ಮೂರೂವರೆಗೇ ಎದ್ದು ರೊಟ್ಟಿ ಬಡಿದಿಟ್ಟು ಹೊರಡುತ್ತಾರೆ. ಪತಿ ಫಿರೋಜ್ ಬೈಕಿನಲ್ಲಿ ತಂದು ಬಿಡುತ್ತಾರೆ. “ಅತ್ತಿ ಅಮೀರಬಿ ಕೇಳ್ತಾರ, ಅಲ್ಲಿ ಏನ್ ಮಾಡ್ತಿ ಅಂತ. ಇಲ್ಲಿಂದ ಅಲ್ಲಿಗೆ ಕಳಸ್ತೀನಿ ಅಂತೀನಿ. ಟಪಾಲ್ ಕೆಲಸಾ ಏನು ಅಂತಾರ. ಹೂಂ ಅಂತೀನಿ.” ನಸ್ರೀನ್ ನಗುತ್ತಾರೆ, ಆದರೆ ಕಣ್ಣು ನಗುವುದಿಲ್ಲ. “ದಣಿವು ಅಂದ್ರ ನಿದ್ದಿ ಮಾಡಿದ್ರ ಹೋಗಬೇಕು ನೋಡ್ರಿ. ಇದು ಹೋಗವಲ್ದು.”

ಈ ದಣಿವಿನ ಮೇಲೆ ಇವತ್ತು ಇನ್ನೊಂದು ಹೊರೆ ಬಿದ್ದಿದೆ. ಹನ್ನೊಂದು ಗಂಟೆಯೊಳಗೆ ‘ನನ್ನಿಂದ ತಪ್ಪಾಯಿತು’ ಎಂದು ಬರೆದು ಸಹಿ ಹಾಕಿ ಕೊಡಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸವಿಲ್ಲ ಎಂದು ಸೆಂಟರಿನವರು ನೋಟಿಸು ಕೊಟ್ಟಿದ್ದಾರೆ.

ಆದದ್ದಿಷ್ಟು. ಕಳೆದ ಗುರುವಾರ ನಸುಕಿನಲ್ಲಿ ಮೇಡ್ಲೇರಿಯ ಹಾಲಸಿದ್ದಪ್ಪ ಟ್ರ್ಯಾಕ್ಟರಿನಿಂದ ಬಿದ್ದರು. ರಾಣೆಬೆನ್ನೂರಿನಲ್ಲಿ ತೆಗೆದ ಅವರ ತಲೆಯ ಚಿತ್ರಗಳು ಹಾವೇರಿಗೆ ಬಂದವು. ನಸ್ರೀನ್ ಅವನ್ನು ಡಾಕ್ಟರಿಗೆ ಕಳಿಸಹೊರಟರೆ ಪರದೆ ತಡೆದು ಕೇಳಿತು: ‘ಆ ಸರ್ವರ್‌ನ ಗುರುತು ಬದಲಾಗಿದೆ, ಮುಂದುವರಿಯಬೇಕೇ?’ ಪ್ರತಿ ಸರ್ವರ್‌ಗೂ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದು ಗುರುತಾಗಿರುತ್ತದೆ. ಅದು ಬದಲಾದರೆ ಒಂದೋ ಅಲ್ಲಿ ಹೊಸ ಯಂತ್ರ ಬಂದಿರಬೇಕು, ಇಲ್ಲವೇ ನಡುವೆ ಕಳ್ಳನೊಬ್ಬ ತಾನೇ ಡಾಕ್ಟರ ಸರ್ವರ್ ಎಂದು ಸೋಗು ಹಾಕಿ ಕೂತಿರಬೇಕು.

“ಯೆಸ್ ಒತ್ತಿ ಕಳಸ್ರಿ, ಜೀವದ ಪ್ರಶ್ನೆ ಐತಿ,” ಎಂದರು ಫೋನಿನಲ್ಲಿ ಮ್ಯಾನೇಜರ್ ಕೊಟ್ರೇಶ.

ರಾಣೆಬೆನ್ನೂರಿನಿಂದ ಹಾಲಸಿದ್ದಪ್ಪನವರ ಮಗಳು ಪುಷ್ಪಲತಾ ಅಳುತ್ತಲೇ ಬೈದರು: “ನಮ್ಮಪ್ಪ ಇಲ್ಲಿ ಮಾತಾಡವಲ್ಲ, ನೀವ್ ಅಲ್ಲಿ ನಂಬರ್ ನೋಡ್ಕೊಂತ ಕುಂತೀರಿ!”

ನಸ್ರೀನ್ ಒತ್ತಲಿಲ್ಲ. ಡಾಕ್ಟರ ಸರ್ವರ್ ನೋಡಿಕೊಳ್ಳುವವನಿಗೆ ಫೋನ್ ಹಚ್ಚಿದರು. ಒಂಬತ್ತನೇ ಸಲಕ್ಕೆ ಆತ ನಿದ್ದೆಗಣ್ಣಲ್ಲಿ ಎತ್ತಿದ. ಹೌದು, ಹಿಂದಿನ ದಿನ ಯಂತ್ರ ಬದಲಿಸಿದ್ದ, ಹೇಳಲು ಮರೆತಿದ್ದ. ಆ ಇಡೀ ಸಾಲನ್ನು ಅವನಿಂದ ಒಂದೊಂದೇ ಅಕ್ಷರ ಓದಿಸಿ, ಪರದೆಯ ಮೇಲಿದ್ದುದಕ್ಕೆ ತಾಳೆ ನೋಡಿ, ಆಮೇಲೆ ಚಿತ್ರ ಕಳಿಸಿದರು. ಒಟ್ಟು ಮೂವತ್ತೈದು ನಿಮಿಷ ತಡ.

ಡಾಕ್ಟರು ನೋಡಿ ವರದಿ ಕೊಟ್ಟರು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಹಾಲಸಿದ್ದಪ್ಪ ಉಳಿದರು. ಯಂತ್ರ ಬದಲಿಸಿ ಹೇಳದೇ ಮಲಗಿದವನಿಗೆ ಏನೂ ಆಗಲಿಲ್ಲ. ನೋಟಿಸು ಬಂದದ್ದು ಎಚ್ಚರವಿದ್ದವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ಅಲ್ಲವೇ!

“ಕಳ್ಳ ಇರಲಿಲ್ಲ, ಖರೇ,” ಎನ್ನುತ್ತಾರೆ ನಸ್ರೀನ್. “ಆದ್ರ ಇಲ್ಲ ಅಂತ ನನಗ ಹೆಂಗ ಗೊತ್ತಾಗಬೇಕ್ರಿ? ಕಳ್ಳನ ಕೈಗೆ ಹೋಗಿದ್ರ ಅದು ಡಾಕ್ಟರಿಗೂ ಮುಟ್ತಿರಲಿಲ್ಲ. ಕಳಸೇವಿ ಅಂತ ನಾವು ಸುಮ್ನ ಕುಂದರತಿದ್ವಿ. ಆ ಮೂವತ್ತೈದು ನಿಮಿಷ ನನ್ನ ಜೀವ ನನ್ನಾಗ ಇರಲಿಲ್ರಿ. ಅವ್ರಿಗೆ ಏನರ ಆಗಿದ್ರ, ಯಾ ಅಲ್ಲಾ, ಆ ಹುಡುಗಿಗೆ ಹೆಂಗ ಮುಖ ತೋರಸ್ತಿದ್ದೆ?”

“ತಪ್ಪಾತು ಅಂತ ಬರದು ಕೊಡು, ನಿನ್ನ ಗಂಟೇನು ಹೋಗ್ತೈತಿ” ಎಂದಿದ್ದಾರೆ ಫಿರೋಜ್. ಈಕೆಯೂ ಅದನ್ನೇ ಯೋಚಿಸುತ್ತ ನಾಲ್ಕು ರಾತ್ರಿ ಹೊರಳಾಡಿದ್ದಾರೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಿಳಿ ಹಾಳೆ ಎಳೆದುಕೊಂಡು ಬರೆಯುತ್ತಾರೆ: ‘ತಡವಾದದ್ದು ನಿಜ. ಅದಕ್ಕಾಗಿ ರೋಗಿಯ ಮನೆಯವರ ಕ್ಷಮೆ ಕೇಳುತ್ತೇನೆ. ನಾನು ತಪ್ಪು ಮಾಡಿಲ್ಲ.’ ಸಹಿ ಹಾಕಿ ಕೊಟ್ರೇಶರ ಮೇಜಿನ ಮೇಲೆ ಇಡುತ್ತಾರೆ.

ಕೊಟ್ರೇಶ ಎರಡು ಸಲ ಓದಿ ತಲೆ ಎತ್ತುತ್ತಾರೆ. “ಮ್ಯಾಲಿನವ್ರು ನಾಳಿಂದ ಬರೂದು ಬ್ಯಾಡ ಅಂದ್ರ ಏನ್ ಮಾಡ್ತೀರಿ?”

“ಬರಂಗಿಲ್ರಿ,” ಎನ್ನುತ್ತಾರೆ ನಸ್ರೀನ್. “ನನ್ನ ಜಾಗಾಕ್ಕ ಬಂದವ್ರಿಗೆ ಒಂದ್ ಮಾತು ಹೇಳ್ರಿ, ಸಾಕು. ಗುರುತು ಬದಲಾದ್ರ, ಯಾರು ಎಷ್ಟು ಬೈದ್ರೂ, ಮೊದಲ ಫೋನ್ ಹಚ್ಚಿ ಕೇಳಬೇಕು.”