ನೀರುಗಂಟಿ ಆಂಜಿನಪ್ಪನಿಗೆ ಸನ್ಮಾನ

“ಈ ಊರಲ್ಲಿ ನನ್ನ ಬಾಯಿ ಮುಚ್ಚಿಸೋ ಗಂಡು ಇನ್ನೂ ಹುಟ್ಟಿಲ್ಲ!” ಎಂದು ನೀರುಗಂಟಿ ಆಂಜಿನಪ್ಪ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಸುಳ್ಳೇನಲ್ಲ. ಅವನು ಮಾತಿಗೆ ನಿಂತರೆ ಮುಳಬಾಗಿಲಿನ ಬಸ್ಸು ಎಂಜಿನ್ ಆಫ್ ಮಾಡಿ ಕೇಳಿಸಿಕೊಂಡು ಹೋಗುತ್ತಿತ್ತು. ಒಮ್ಮೆ ಅವನು ಮಾತು ಮುಗಿಸುವಷ್ಟರಲ್ಲಿ ಎದುರು ಹೊಲದ ಟೊಮ್ಯಾಟೊ ಕಾಯಿ ಹಣ್ಣಾಗಿ, ಕೋಲಾರದ ಮಾರ್ಕೆಟ್ಟಿಗೆ ಹೋಗಿ, ಖಾಲಿ ಕ್ರೇಟು ವಾಪಸ್ಸು ಬಂದಿತ್ತು.

ಅವನ ಕೆಲಸ ಪಂಚಾಯಿತಿ ನಲ್ಲಿಗಳಿಗೆ ನೀರು ಬಿಡುವುದು. ಬೀದಿಗೊಂದು ವಾಲ್ವು, ಎಲ್ಲಕ್ಕೂ ಸೇರಿ ಅವನ ಹೆಗಲ ಮೇಲೆ ಒಂದು ಕಬ್ಬಿಣದ ಕೀಲಿ. ಊರೋ, ಆಂಧ್ರದ ಗಡಿಗೆ ಎಷ್ಟು ಹತ್ತಿರವೆಂದರೆ ಇಲ್ಲಿನ ಹುಂಜ ಕನ್ನಡದಲ್ಲಿ ಕೂಗಿದರೆ ಕೋಳಿ ತೆಲುಗಿನಲ್ಲಿ ಮೊಟ್ಟೆ ಇಡುತ್ತದೆ.

ಹಾಸನದ ಕಡೆಯಿಂದ ಹೈಸ್ಕೂಲಿಗೆ ಹೊಸದಾಗಿ ಬಂದ ಕನ್ನಡದ ಮೇಡಂ ರಜನಿ ಮಕ್ಕಳಿಗೆ ಒಂದು ಕೆಲಸ ಹಚ್ಚಿದರು. ಊರಿಗೆ ನಿಜವಾಗಿ ಮುಖಂಡರು ಯಾರೆಂದು ಮನೆಮನೆಗೆ ಹೋಗಿ ಕೇಳಬೇಕು, ಅವರನ್ನು ಸಂದರ್ಶನ ಮಾಡಬೇಕು, ಆಮೇಲೆ ಶಾಲೆಗೆ ಕರೆಸಿ ಶಾಲು ಹೊದಿಸಬೇಕು. ಪಂಚಾಯಿತಿಯ ಮಾಜಿ ಮೆಂಬರು ಕೋದಂಡರಾಮಪ್ಪ ಅವತ್ತೇ ಬಿಳಿ ಷರಟಿಗೆ ಗಂಜಿ ಹಾಕಿಸಿಟ್ಟ. ಆದರೆ ಇನ್ನೂರು ಮನೆಗಳಲ್ಲಿ ನೂರಾ ತೊಂಬತ್ತೊಂಬತ್ತು ಮನೆಯವರು ಆಂಜಿನಪ್ಪನ ಹೆಸರು ಹೇಳಿದರು. ಉಳಿದದ್ದು ಕೋದಂಡರಾಮಪ್ಪನ ಮನೆ. ಅಲ್ಲೂ ಅವನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ಆಂಜಿನಪ್ಪನ ಹೆಸರನ್ನೇ ಬರೆಸಿದಳು.

ಸಂದರ್ಶನ ಮಾಡಿದವಳು ಎಂಟನೇ ಕ್ಲಾಸಿನ ಮೇಘನ. ಆಂಜಿನಪ್ಪನನ್ನು ತನ್ನ ಮನೆ ಜಗುಲಿಯಲ್ಲೇ ಕೂರಿಸಿ, ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:

“ತಾತ, ನೀವು ಊರಿಗೆ ಏನ್ ಮಾಡಿದೀರ?”

ಆಂಜಿನಪ್ಪ ಬಾಯಿ ತೆರೆದ. ಒಳಗಿನಿಂದ ಏನೂ ಬರಲಿಲ್ಲ. ಅರವತ್ತೈದು ವರ್ಷದಲ್ಲಿ ಅವನನ್ನು ಅವನ ವಿಷಯ ಯಾರೂ ಕೇಳಿರಲಿಲ್ಲ. ಬಾಯಿ ಮುಚ್ಚಿಸುವ ಗಂಡು ಹುಟ್ಟಿರಲಿಲ್ಲ, ನಿಜ. ಹೆಣ್ಣು ಹುಟ್ಟಿ ಎಂಟನೇ ಕ್ಲಾಸಿಗೆ ಬಂದಿತ್ತು. ಆ ಮೌನಕ್ಕೆ ಗಾಬರಿಯಾಗಿ ಕೊಟ್ಟಿಗೆಯ ಎಮ್ಮೆ ಮೆಲುಕು ನಿಲ್ಲಿಸಿತು.

“ವಾಲ್ವು ತಿರುಗಿಸಿದೀನಿ,” ಎಂದ ಕೊನೆಗೆ.

“ಅಷ್ಟೇನಾ?”

“ಕೆಲವು ಸಲ ತಿರುಗಿಸಿಲ್ಲ.”

ಅವರೆಕಾಯಿ ಸುಲಿಯುತ್ತಿದ್ದ ಮೇಘನಳ ಅಜ್ಜಿ ಮುನಿಶಾಮಮ್ಮ ಬಿದ್ದು ಬಿದ್ದು ನಕ್ಕಳು. “ಅದೇ ಕಣೇ ದೊಡ್ಡ ಕೆಲಸ, ಬರ್ಕೋ! ನಾನೂ ನಮ್ಮ ವಾರಗಿತ್ತೀನೂ ಗೋಡೆ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ವಿ. ‘ಇಬ್ರೂ ಕೂತ್ಕೊಂಡು ಒಟ್ಟಿಗೆ ಕಾಫಿ ಕುಡೀರಿ, ಆಮೇಲೆ ನೀರು’ ಅಂತ ಈ ಮಹರಾಯ ಇಡೀ ಬೀದಿಗೆ ವಾಲ್ವು ತಿರುಗಿಸ್ಲಿಲ್ಲ. ಮೂರನೇ ದಿನ ಕುಡಿದ್ವಿ. ಆ ಕಾಫಿಗೂ ಪಕ್ಕದ ಬೀದಿಯಿಂದ ನೀರು ತರಬೇಕಾಯ್ತು! ಇವನೇ ಕಣೇ ಮಾ ಊರಿ ಪೆದ್ದ ಮನಿಷಿ.”

ತೆಲುಗಿನ ‘ಪೆದ್ದ ಮನಿಷಿ’ ಎಂದರೆ ಊರಿನ ಹಿರಿಯ, ನ್ಯಾಯ ಹೇಳುವ ದೊಡ್ಡವನು. ಮೇಘನ ಕನ್ನಡದಲ್ಲಿ ನೂರಕ್ಕೆ ನೂರರ ಹುಡುಗಿ. ‘ಮಾ ಊರಿ’ಯನ್ನು ‘ನಮ್ಮೂರ’ ಮಾಡಿದಳು, ‘ಮನಿಷಿ’ಯನ್ನು ‘ಮನುಷ್ಯ’ ಎಂದು ತಿದ್ದಿದಳು. ‘ಪೆದ್ದ’ ಮಾತ್ರ ಮನೆಯಲ್ಲಿ ದಿನಾ ಕೇಳುವ ಮಾತು; ಅದರ ಮೇಲೆ ಅವಳ ಕಣ್ಣೇ ನಿಲ್ಲಲಿಲ್ಲ. ಮೇಡಂ ನೋಡುವ ಮೊದಲೇ ಆ ಸಾಲು ಬ್ಯಾನರಿಗೆಂದು ಮುಳಬಾಗಿಲಿಗೆ ಹೋಯಿತು. ಅಲ್ಲಿನ ಬ್ಯಾನರ್ ಅಂಗಡಿಯವನೂ ತೆಲುಗು ಮನೆಯವನೇ. ಚೆನ್ನಾಗಿದೆ ಎಂದು ಎರಡಾಳುದ್ದ ಅಕ್ಷರದಲ್ಲಿ ಅಚ್ಚು ಹಾಕಿದ.

ಸನ್ಮಾನದ ದಿನ ತಮಟೆಯ ಏಟಿಗೆ ಶಾಲೆಯ ಹೆಂಚುಗಳು ತಾವೇ ಎದ್ದು ಕುಣಿದವು. ಹಾರಗಳ ಭಾರಕ್ಕೆ ಆಂಜಿನಪ್ಪ ಮೂರಂಗುಲ ಕುಳ್ಳನಾದ. ಮಕ್ಕಳು ಹಗ್ಗ ಎಳೆದರು, ಬ್ಯಾನರ್ ಬಿಚ್ಚಿಕೊಂಡಿತು:

‘ನಮ್ಮೂರ ಪೆದ್ದ ಮನುಷ್ಯ ಶ್ರೀ ಆಂಜಿನಪ್ಪನವರಿಗೆ ಹೃತ್ಪೂರ್ವಕ ಸ್ವಾಗತ.’

ಅರ್ಧ ಜನ ತೆಲುಗಿನಲ್ಲಿ ಓದಿಕೊಂಡು ಚಪ್ಪಾಳೆ ಹೊಡೆದರು. ಇನ್ನರ್ಧ ಜನ ಕನ್ನಡದಲ್ಲಿ ಓದಿಕೊಂಡು ಹೊಟ್ಟೆ ಹಿಡಿದುಕೊಂಡರು. ರಜನಿ ಮೇಡಂ ಕಂಬ ಹಿಡಿದುಕೊಂಡರು.

ಆಂಜಿನಪ್ಪ ಬ್ಯಾನರನ್ನು ಎರಡೂ ಭಾಷೆಯಲ್ಲಿ ಓದಿಕೊಂಡ. ಈ ಊರಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಮೂರು ತಲೆಮಾರಿಗೆ ಬಿಡುವುದಿಲ್ಲ. ಯಾವನೋ ಒಬ್ಬ ಅವಸರದಲ್ಲಿ ಹೆಂಡತಿಯ ಎಕ್ಕಡ ಮೆಟ್ಟಿಕೊಂಡು ಸಂತೆಗೆ ಹೋಗಿದ್ದಕ್ಕೆ ಅವನ ಮೊಮ್ಮಗನ ಮದುವೆ ಪತ್ರಿಕೆಯಲ್ಲೂ ‘ಹೆಣ್ಣೆಕ್ಕಡದವರು’ ಎಂದೇ ಅಚ್ಚಾಗಿತ್ತು. ಈಗೊಂದು ಮಾತು ಆಡದಿದ್ದರೆ, ನಾಳೆಯಿಂದ ತಾನು ಸಾಯುವವರೆಗೆ, ಸತ್ತ ಮೇಲೂ, ಪೆದ್ದ ಆಂಜಿನಿ. ಆದರೆ ಮಾತು ಮತ್ತೆ ಕೈಕೊಟ್ಟಿತು.

“ಏನ್ಲಾ ಆಂಜಿನಿ,” ಮುಂದಿನ ಸಾಲಿನಿಂದ ಕೋದಂಡರಾಮಪ್ಪ ಕೂಗಿದ, “ನಾನು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ. ಈಗ ಇಸ್ಕೂಲ್ನೋರೇ ಬರೆದು ನೇತುಹಾಕವ್ರೆ ನೋಡು!”

ಚಪ್ಪಾಳೆ ಹೊಡೆದವರೂ ಈಗ ನಕ್ಕರು. ತಪ್ಪು ತಿಳಿದ ಮೇಘನ ಬಿಕ್ಕಿ ಬಿಕ್ಕಿ ಅಳತೊಡಗಿದಳು. “ಇಳಿಸ್ರೋ, ಬೇಗ ಇಳಿಸ್ರೋ ಅದನ್ನ!” ಎಂದು ಮೇಡಂ ಓಡಿದರು.

ಹುಡುಗಿಯ ಅಳು ನೋಡಿದ್ದೇ ತಡ, ಆಂಜಿನಪ್ಪನಿಗೆ ಮಾತು ವಾಪಸ್ಸು ಬಂತು. ಎದ್ದವನೇ ಮೈಕು ಕಿತ್ತುಕೊಂಡ.

“ಇಳಿಸ್ಬೇಡಿ ಮೇಡಂ, ಇರ್ಲಿ. ಅಳಬೇಡ ಕಣಮ್ಮ, ನೀನು ಬರೆದಿದ್ದು ಸರಿಯಾಗೇ ಐತೆ. ಮೂವತ್ತು ವರ್ಷದಿಂದ ಈ ಪೆದ್ದ ಹೇಳಿದಾಗ ಜಗಳ ಬಿಟ್ಟು, ಈ ಪೆದ್ದ ಹೇಳಿದಾಗ ಕಾಫಿ ಕುಡಿದು, ಈ ಪೆದ್ದ ಬಿಟ್ಟಾಗ ನೀರು ಹಿಡ್ಕೊಂಡೋರೆಲ್ಲ ಇಲ್ಲೇ ಕೂತವ್ರೆ. ಕೋದಂಡರಾಮಣ್ಣನೂ ಅವ್ನೆ. ಅವ್ರೆಲ್ಲರಿಗೂ ಸೇರಿಸಿ ಇಂಥದ್ದೇ ಒಂದು ಬ್ಯಾನರ್ ಮಾಡಿಸ್ಬಿಡಿ ಮೇಡಂ, ಸ್ವಲ್ಪ ದೊಡ್ಡದು ಬೇಕಾಗುತ್ತೆ!”